ಷರಾ

ಪುಟಕ್ಕೆ ಮುನ್ನೂರೈವತ್ತು. ಚಿತ್ರವಿದ್ದರೆ ಅರ್ಧ.
ವಿಲ್ಸನ್ ಗಾರ್ಡನ್, ಹತ್ತನೇ ಕ್ರಾಸು, ಮಹಡಿಯ ಕೋಣೆ,
ಕಿಟಕಿಯ ಕೆಳಗೆ ಮೂರನೇ ಸಲ ಅಗೆದ ರಸ್ತೆ.
ಎಡಕ್ಕೆ ರಷ್ಯನ್, ನಡುವೆ ಇಂಗ್ಲಿಷು,
ಬಲತುದಿಯಲ್ಲಿ ಷರಾ ಎಂಬ ಖಾಲಿ ಕಾಲಂ.

ದರೋಜ್ನಯ ಅದ್ಯೇಜ್ದ. ಅಂದರೆ ರಸ್ತೆಯ ಉಡುಪು.
ಅವರಲ್ಲಿ ರಸ್ತೆ ಬರಿಮೈಯಲ್ಲಿ ಹೊರಡುವುದಿಲ್ಲ,
ಒಳಗೆ ಜಲ್ಲಿಯ ಲಂಗ, ಮೇಲೆ ಡಾಂಬರಿನ ಸೆರಗು.
ಪೇವ್‌ಮೆಂಟ್ ಎಂದು ಬರೆದು ಕಳಿಸಿದೆ.
ಬಿಲ್ಲು ಪಾಸು ಮಾಡುವ ಬೋಪಯ್ಯನವರ ಫೋನು:
"ಮೇಡಂ, ನಾವು ಕೊಟ್ಟಿದ್ದು ರಸ್ತೆ,
ನೀವು ಫುಟ್‌ಪಾತ್ ಮಾಡಿದ್ದೀರಿ."
ನಿಘಂಟು ತೆರೆದು ಗಟ್ಟಿಯಾಗಿ ಓದಿದೆ.
ಆ ಕಡೆ ಟೀ ಹೀರುವುದು ಕೇಳಿಸಿತು.

ಮಣ್ಣಿನ ಏರಿಗೆ ಅವರಲ್ಲಿ ಮೈಯಿದೆ, ಅಂಗಾಲಿದೆ.
ಇಂಗ್ಲಿಷಿಗೆ ದಾಟಿದರೆ ಬರೀ ಕಾಲ್ಬೆರಳು.
ಮಿಕ್ಕ ಪಾದ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಪುಚೀನ: ನೆಲದೊಳಗಿನ ನೀರು ಹೆಪ್ಪುಗಟ್ಟಿ
ರಸ್ತೆ ಉಬ್ಬುವುದು.
ನಡುಗಡಲ ಆಳಕ್ಕೂ ಅದೇ ಹೆಸರು.
ಫ್ರಾಸ್ಟ್ ಹೀವ್ ಎಂದೆ. ಸರಿಯೇ.
ಕಡಲು ಮಾತ್ರ ನನ್ನ ಮೇಜಿನ ಮೇಲೇ ಉಳಿಯಿತು.

ಒಂದು ಕಡೆ ಎರಡೂ ಭಾಷೆ ಒಪ್ಪಿದವು:
ಮೇಲಿನ ಪದರಕ್ಕೆ, ಉಡುವುದೂ ಸವೆಯುವುದೂ ಒಂದೇ ಮಾತು.
ನನಗೇ ಎರಡು ಬೇಕು.

ಆಮೇಲೆ ಬಂತು ರಸ್ಪೂತಿತ್ಸ.
ಹಿಮ ಕರಗಿ, ಕೆಸರು ಏರಿ,
ರಸ್ತೆಗಳು ರಸ್ತೆಯಾಗಿರುವುದನ್ನೇ ಬಿಟ್ಟುಬಿಡುವ ಋತು.
ಇಂಗ್ಲಿಷಿನಲ್ಲಿ ಅಷ್ಟು ಕೆಸರಿಲ್ಲ.
ಪೆನ್ನು ಮುಚ್ಚಿ ಹಾಲಿಗೆ ಇಳಿದೆ.

ಗುಂಡಿಯ ಅಂಚಿನಲ್ಲಿ ಬುಟ್ಟಿ ಹೊತ್ತ ಹುಲಿಗೆಮ್ಮ,
ಲಿಂಗಸೂಗೂರಿನ ಕಡೆಯವಳು.
ಜಲ್ಲಿ ಅಂದೆ. ಖಡಿ ಅಂದಳು.
ಇಂಥ ಕೆಸರಿಗೆ ನಿಮ್ಮ ಕಡೆ ಏನಂತೀರಿ?
"ರಾಡಿ."
ರಸ್ತೇನೇ ಇಲ್ಲದ ಹಾಗಾದರೆ?
ಬುಟ್ಟಿ ಇಳಿಸಿ ನನ್ನ ಚಪ್ಪಲಿ ನೋಡಿದಳು.
"ಅದಕ್ಯಾಕ ಹೆಸರು ಬೇಕ್ರಿ?
ಹಲಗಿ ಹಾಕ್ತೀನಿ, ದಾಟ್ರಿ."

ಹಲಗೆ ಬಾಗಿತು, ಮುರಿಯಲಿಲ್ಲ.
ಹಾಲು ಖಾಲಿಯಾಗಿತ್ತು.

ರಾತ್ರಿ ನಡುವಿನ ಕಾಲಮ್ಮಿನಲ್ಲಿ
ಮೂರು ಸಾಲಿನ ವಿವರಣೆ ತುರುಕಿದೆ.
ಷರಾದಲ್ಲಿ ಪೆನ್ಸಿಲಿನಿಂದ, ಕನ್ನಡದಲ್ಲಿ:
ರಾಡಿ. ಹಲಗೆ ಇದೆ.
ಷರಾಕ್ಕೆ ದುಡ್ಡಿಲ್ಲವೆಂದು ಬೋಪಯ್ಯ ಮೊದಲೇ ಹೇಳಿದ್ದರು.

ಶುಕ್ರವಾರ ಡಾಂಬರು ಬಿತ್ತು, ಹೊಸ ಬಟ್ಟೆಯ ವಾಸನೆ.
ಹುಲಿಗೆಮ್ಮನ ಗುಂಪು ಬೇರೆ ಕ್ರಾಸಿಗೆ ಹೋಯಿತು.
ಸೋಮವಾರ ಜಲಮಂಡಳಿಯವನೊಬ್ಬ ಕುಕ್ಕರಗಾಲಲ್ಲಿ ಕೂತು
ಅದರ ಮೇಲೆ ಬಿಳಿ ಗೆರೆ ಎಳೆಯುತ್ತಿದ್ದ,
ಎಲ್ಲಿ ಕತ್ತರಿಸಬೇಕೆಂದು,
ದರ್ಜಿಯಷ್ಟೇ ಜತನದಿಂದ.