ಚಕ್ಕುಬಂದಿ

ಮರಡಿಹಟ್ಟಿ ಗೇಟು ಅಂತಾರೆ. ಗೇಟಿಲ್ಲ.
ಯಾವ ಕಾಲಕ್ಕೂ ಇರಲಿಲ್ಲ ಅಂತ ನಮ್ಮಪ್ಪನೂ ಹೇಳುತ್ತಿದ್ದ.
ಅರಸೀಕೆರೆ ಕಡೆಯಿಂದ ಹಾಸನಕ್ಕೆ ಬರುವ ಟಾರು ರಸ್ತೆಗೆ
ನಮ್ಮೂರ ದಾರಿ ಓರೆಯಾಗಿ ಬಂದು ಸೇರುತ್ತದೆ,
ಸಾಲ ಕೇಳಲು ಬಂದ ನೆಂಟನ ಹಾಗೆ, ನೇರ ಮುಖ ಕೊಡದೆ.
ಆ ಓರೆಯ ಒಳಗಿರುವ ಮೂಲೆ ಹೊಲ ನನ್ನದು.
ಒಂದೆಕರೆ ಹದಿನೇಳು ಗುಂಟೆ.

ಮೊದಲು ರಾಗಿ. ಎಷ್ಟು ಬೆಳೆದರೂ ಸೊಂಟ ದಾಟುತ್ತಿರಲಿಲ್ಲ,
ಅತ್ತ ಬರುವ ಲಾರಿಯ ಮುಖ ಇತ್ತಲಿಂದ ಕಾಣುತ್ತಿತ್ತು.
ಆಮೇಲೆ ಆಲೂಗಡ್ಡೆ. ಅಂಗಮಾರಿ ಬಂತು,
ಎರಡು ವರ್ಷ ಬಿತ್ತನೆ ದುಡ್ಡೂ ಹುಟ್ಟಲಿಲ್ಲ.
ಆಮೇಲೆ ಎಲ್ಲರ ಹಾಗೆ ನಾನೂ ಮುಸುಕಿನ ಜೋಳಕ್ಕೆ ಬಿದ್ದೆ.
ಒಳ್ಳೆ ತಳಿ. ಆಳುದ್ದ, ಅದರ ಮೇಲೆ ಇನ್ನೊಂದು ಮೊಳ.
ಕಣ್ಣಾಗುತ್ತೆ ಗೌಡ ಅಂದರು ನೋಡಿದವರು.
ಒಡಕು ಮಡಕೆಗೆ ಸುಣ್ಣದ ಬೊಟ್ಟಿಟ್ಟು
ರಸ್ತೆಗೆ ಕಾಣುವ ಹಾಗೆ ಗೂಟಕ್ಕೆ ಕವುಚಿದೆ.

ಶ್ರಾವಣದ ಎರಡನೇ ಸೋಮವಾರ, ಬೆಳಗ್ಗೆ ಆರೂಕಾಲು.
ಡೇರಿಗೆ ಹಾಲು ಹಾಕಲು ಹೊರಟಿದ್ದ ಧರಣೇಶ,
ಟಿವಿಎಸ್ಸಿನ ಎರಡೂ ಪಕ್ಕ ಕ್ಯಾನು.
ಕೊಬ್ಬರಿ ತುಂಬಿದ ಕ್ಯಾಂಟರು ಹಾರನ್ ಹೊಡೆದಿತ್ತಂತೆ.
ಹೊಡೆದಿರಬಹುದು.
ಜೋಳದ ಗರಿ ಗಾಳಿಗೆ ಎಷ್ಟು ಸದ್ದು ಮಾಡುತ್ತೆ
ಅಂತ ನನಗೆ ಗೊತ್ತು.

ನಾನು ಓಡಿ ಬರುವಷ್ಟರಲ್ಲಿ
ಹಾಲು ಟಾರಿನ ಮೇಲೆ ಇಳಿಜಾರು ಹುಡುಕುತ್ತಿತ್ತು.

ಪೊಲೀಸಿನವರು ಟೇಪು ಹಿಡಿದು ಅಳೆದರು.
ಒಬ್ಬರು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದರು:
ಉತ್ತರಕ್ಕೆ ಅರಸೀಕೆರೆಗೆ ಹೋಗುವ ರಸ್ತೆ,
ದಕ್ಷಿಣಕ್ಕೆ ಹಾಸನಕ್ಕೆ ಹೋಗುವ ರಸ್ತೆ,
ಪಶ್ಚಿಮಕ್ಕೆ ಬಸ್ಸು ನಿಲ್ಲುವ ತಂಗುದಾಣ,
ಪೂರ್ವಕ್ಕೆ... ಯಾರದಪ್ಪ ಈ ಹೊಲ?
ನಂದು ಸಾರ್.
ಪೂರ್ವಕ್ಕೆ ಕಾಳಿಂಗೇಗೌಡ ಬಿನ್ ಲೇಟ್ ಸಣ್ಣಪ್ಪ ರವರ ಜಮೀನು.
ಇಲ್ಲೇ ಇದ್ದೀರಲ್ಲ, ಪಂಚರಾಗಿ ಸಹಿ ಹಾಕಿ ಅಂದರು.
ಹಾಕಿದೆ.
ತಪ್ಪು ಯಾರದು ಅಂತ ಬರೆದ ಸಾಲಿನಲ್ಲಿ ನನ್ನ ಹೆಸರಿಲ್ಲ.
ಚಕ್ಕುಬಂದಿಯಲ್ಲಿದೆ.

ಹುಡುಗನ ಒಂದು ಚಪ್ಪಲಿ ಅವತ್ತು ಸಿಕ್ಕಿರಲಿಲ್ಲ.
ಕಟಾವಿನ ದಿನ ಮೂರನೇ ಸಾಲಿನಲ್ಲಿತ್ತು,
ಪಟ್ಟಿಗೆ ಹಂಬು ಸುತ್ತಿಕೊಂಡು.
ಕೊಡಲು ಕೈ ಬರಲಿಲ್ಲ. ಎಸೆಯಲೂ.

ಹಂಪು ಬೇಕು ಅಂತ ಅರ್ಜಿ ಬರೆದರು, ಸಹಿ ಮಾಡಿದೆ.
ಹಂಪು ಬರಲಿಲ್ಲ, ಬೋರ್ಡು ಬಂತು:
ಮುಂದೆ ಅಪಘಾತ ವಲಯ, ನಿಧಾನವಾಗಿ ಚಲಿಸಿ.
ನನ್ನ ಬದುವಿನಲ್ಲೇ ನೆಟ್ಟರು.
ಮುಂದಿನ ಮುಂಗಾರಿಗೆ ಬೋರ್ಡೂ ಜೋಳದೊಳಗೆ ಮುಳುಗಿತು.
ಹೌದು, ಮತ್ತೆ ಜೋಳವನ್ನೇ ಹಾಕಿದ್ದೆ.
ಬೀಜ ತಂದಾಗಿತ್ತು. ಅದೇ ಸಮಜಾಯಿಷಿ, ಬೇರೆ ಇಲ್ಲ.

ಈಗ ಹಾಲು ಹೊರುವವಳು ಅವನ ತಾಯಿ ಶಿವನಂಜಮ್ಮ.
ತಲೆಯ ಮೇಲೆ ಕ್ಯಾನು, ಕಾಲ್ನಡಿಗೆ.
ಒಂದು ದಿನ ನೀರು ತಿರುಗಿಸುತ್ತ ನೋಡಿದೆ:
ಮೂಲೆಗೆ ಬಂದಳು, ನಿಂತಳು,
ಬಾಗಿಲ ಪರದೆ ಸರಿಸಿದ ಹಾಗೆ
ಒಂದು ಕೈಯಲ್ಲಿ ನನ್ನ ಜೋಳ ಸರಿಸಿ
ಅರಸೀಕೆರೆ ಕಡೆ ಇಣುಕಿದಳು.
ಆಮೇಲೆ ಆ ಗರಿಗಳನ್ನು ಮುರಿಯದೆ
ಮೆಲ್ಲಗೆ ಬಿಟ್ಟು
ದಾಟಿದಳು.

ಬೈದಿದ್ದರೆ ಆಗುತ್ತಿತ್ತು.

ಅವತ್ತೇ ಕುಡುಗೋಲು ತಂದೆ.
ಸೂಲಂಗಿ ಬಂದಿದ್ದ ಬೆಳೆ, ಹಸಿರು ಹಸಿರು,
ಮೂಲೆಯಿಂದ ಮೂವತ್ತು ಹೆಜ್ಜೆ ಕೊಯ್ದೆ.
ತಲೆ ಕೆಟ್ಟಿದೆಯಾ ಅಂದಳು ಹೆಂಡತಿ,
ಆಮೇಲೆ ತಾನೇ ಕಟ್ಟು ಕಟ್ಟಿದಳು.
ಒಂದು ಹೊರೆ ಶಿವನಂಜಮ್ಮನ ಕೊಟ್ಟಿಗೆಗೆ ಹೋಯಿತು.
ಯಾರು ಕಳಿಸಿದ್ದು ಅಂತ ಅವಳು ಕೇಳಲಿಲ್ಲ.
ಹಸು ತಿಂದಿತು.

ಈ ವರ್ಷ ಆ ಜಾಗದಲ್ಲಿ ಹುರುಳಿ.
ಬೋರ್ಡು ಕಾಣುತ್ತೆ. ಮಡಕೆ ಇಳಿಸಿದ್ದೇನೆ.
ಆದರೆ ನಮ್ಮೂರ ದಾರಿಗೆ ಇನ್ನೊಂದು ಮಗ್ಗುಲಿದೆ,
ಅಲ್ಲಿ ಪುಟ್ಟರಂಗಯ್ಯನ ಜೋಳ ಈಗ ಎದೆಮಟ್ಟ.
ಇನ್ನು ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು.
ಸಂಜೆ ಅವನ ಮನೆಗೆ ಹೋಗಬೇಕು.
ಮಾತು ಎಲ್ಲಿಂದ ಎತ್ತಬೇಕೋ ತಿಳಿಯದೆ
ಆ ಒಂಟಿ ಚಪ್ಪಲಿಯನ್ನು
ಟವೆಲಿನಲ್ಲಿ ಸುತ್ತಿಟ್ಟುಕೊಂಡಿದ್ದೇನೆ.