ಎರಡು ಮಿಲಿಮೀಟರ್ ತೂತು

ಆರ್ಡರು ಬಂದದ್ದು ಬಂದರಿನಿಂದ.
ಯಾವ ಬಂದರು ಅಂತ ನಾನು ಕೇಳಲಿಲ್ಲ.
ನಲವತ್ತಡಿ ಪೈಪು, ಎರಡು ಬೆರಳಿಗೊಂದು ತೂತು,
ತೂತಿಗೆ ಎರಡು ಮಿಲಿಮೀಟರ್. ಹೆಚ್ಚಿಲ್ಲ, ಕಮ್ಮಿಯಿಲ್ಲ.
ರಾಬರ್ಟ್‌ಸನ್‌ಪೇಟೆಯ ನಮ್ಮ ವರ್ಕ್‌ಷಾಪಿನಲ್ಲಿ
ಸಮುದ್ರ ಕಂಡವರಿಲ್ಲ,
ಅರುಳಪ್ಪ ಮೇಸ್ತ್ರಿ ಒಬ್ಬನನ್ನು ಬಿಟ್ಟು.
ವೇಲಾಂಗಣ್ಣಿಗೆ ಒಮ್ಮೆ ಹೋಗಿ
ಪ್ಯಾಂಟು ಮಡಚಿ, ಕಾಲು ಒದ್ದೆ ಮಾಡಿಕೊಂಡು ಬಂದವನು.

ನಕ್ಷೆ ಹರಡಿ ಅವನೇ ಹೇಳಿದ:
ಇತ್ತ ಹೊಳೆ, ಅತ್ತ ಕಡಲು, ನಡುವೆ ಎರಡು ಬಾಗಿಲಿನ ಕೋಣೆ.
ಹಡಗಿಗೆಂದು ಬಾಗಿಲು ತೆಗೆದರೆ
ಟಿಕೆಟ್ಟಿಲ್ಲದೆ ಉಪ್ಪೂ ಒಳಗೆ ಬರುತ್ತದೆ,
ಮೇಲಿಂದಲ್ಲ, ತಳದಿಂದ.
ಉಪ್ಪುನೀರು ಭಾರ. ಹೊಟ್ಟೆಯ ಮೇಲೆ ತೆವಳುತ್ತದೆ.
ಹೊಸಿಲಲ್ಲಿ ಈ ಪೈಪು ಮಲಗಿಸಿ ಗಾಳಿ ಬಿಟ್ಟರೆ
ಗುಳ್ಳೆಯ ಪರದೆ ಏಳುತ್ತದಂತೆ.
"ಸೊಳ್ಳೆಪರದೆ ಇದ್ದಂಗೆ" ಅಂದ ಹುಡುಗ ಜಬ್ಬಾರ್.
"ಸೊಳ್ಳೆಪರದೆಯೊಳಗೆ ಹಡಗು ನುಗ್ಗಲ್ಲ ಕಣೋ" ಅಂದೆ.

ಪರೀಕ್ಷಿಸದೆ ಕಳಿಸುವಂತಿಲ್ಲ.
ಹಿತ್ತಲಿನ ಸಿಮೆಂಟು ತೊಟ್ಟಿಗೆ ಹಲಗೆ ಅಡ್ಡವಿಟ್ಟು
ಈ ಕಡೆ ಟ್ಯಾಂಕರ್ ನೀರು,
ಆ ಕಡೆ ಅದೇ ನೀರಿಗೆ ಅರ್ಧ ಮೂಟೆ ಕಲ್ಲುಪ್ಪು,
ಗುರುತಿಗೆ, ಬಿಳಿ ಬಟ್ಟೆಗೆ ಹಾಕುವ ನೀಲಿ.
ನಮ್ಮದೂ ಒಂದು ಕಡಲು: ಹನ್ನೆರಡಡಿ ಉದ್ದ.

ಹಲಗೆ ಎತ್ತಿದೆ.
ನೀಲಿ ಅವಸರಪಡಲಿಲ್ಲ.
ನೆಲ ಒರೆಸುವವಳ ಹಾಗೆ ಕುಕ್ಕರುಗಾಲಲ್ಲಿ
ಮೂಲೆ ಮೂಲೆ ನೋಡಿಕೊಂಡು ಬಂತು.
ಮೇಲಿನ ತಿಳಿನೀರು ಏನೂ ಅರಿಯದೆ
ಸೀಬೆಮರ ತೋರಿಸುತ್ತಿತ್ತು.

ನೀರು ಬದಲಿಸಿ, ಮೂರಡಿಯ ಮಾದರಿ ತುಂಡು ಮುಳುಗಿಸಿ
ಕಂಪ್ರೆಸರ್ ಹಾಕಿದೆವು.
ಅಪ್ಪ ಗಣಿಯ ಹರಾಜಿನಲ್ಲಿ ಕೊಂಡದ್ದು.
ಭೂಮಿಯೊಳಗಿನ ಕತ್ತಲೆಗೆ ಗಾಳಿ ಕಳಿಸುತ್ತಿದ್ದ ಕಾಲದಲ್ಲಿ
ಅದರ ಸದ್ದು ನಿಂತರೆ ಸಾಕು,
ಲೈನುಮನೆಗಳ ಹೆಂಗಸರು
ಒಲೆ ಬಿಟ್ಟು ಬಾಗಿಲಿಗೆ ಬರುತ್ತಿದ್ದರು.

ಗುಳ್ಳೆ ಎದ್ದವು. ಮೊದಲು ಒಂದೊಂದು, ಬಿಕ್ಕಳಿಕೆ.
ಆಮೇಲೆ ಸಾಲು,
ಎಸರಿನಂಥ ಬೆಳ್ಳನೆ ಗೋಡೆ;
ತಟ್ಟಿದರೆ ಕೈ ಆಚೆಗೆ.
ನೀಲಿ ಬಂತು, ಮುಟ್ಟಿತು,
ಗುಳ್ಳೆಯ ಜೊತೆ ಮೇಲೆದ್ದು, ಸುತ್ತಿ,
ಬಂದ ಕಡೆಗೇ ಮುಖ ತಿರುಗಿಸಿತು.
ಪೂರ್ತಿ ಅಲ್ಲ.
ಎಡಗಡೆ, ನಾನು ಊಟದ ಅವಸರದಲ್ಲಿ ಕೊರೆದ
ಮೂರು ತೂತು ಓರೆ.
ಅಲ್ಲಿ ದಾರದೆಳೆಯಷ್ಟು ನುಸುಳಿತು.

ಜಬ್ಬಾರ್ ಬೆರಳದ್ದಿ ನೆಕ್ಕಿದ:
"ಸಾರಿಗೆ ಸಾಲದು, ಮಜ್ಜಿಗೆಗೆ ಸರಿ ಅಕ್ಕ."
ಮೇಸ್ತ್ರಿ ನಗಲಿಲ್ಲ.
"ಅವರೂ ಪೂರ್ತಿ ಕೇಳಿಲ್ಲ. ಅರ್ಧ ತಡೆದರೆ ಸಾಕಂತೆ.
ಆದರೂ ಆ ಮೂರು ಇನ್ನೊಂದ್ಸಲ ಹೊಡಿ."

ಡ್ರಿಲ್ ಬಿಟ್ಟು ಹುಡುಕುವಾಗ ಕರೆಂಟು ಹೋಯಿತು.
ಗೋಡೆ ಕುಸಿಯಲಿಲ್ಲ.
ಒಂದು ಇಟ್ಟಿಗೆಯನ್ನೂ ಉಳಿಸದೆ ಇಲ್ಲವಾಯಿತು.
ನೀಲಿ ಮತ್ತೆ ತೆವಳತೊಡಗಿತು.
ಅಡುಗೆಮನೆಯಿಂದ ಅಮ್ಮ ಹೊರಗೆ ಬಂದಳು,
ಕೈಯಲ್ಲಿ ಸೌಟು.
ಏನೂ ಕೇಳದೆ,
ತೊಟ್ಟಿಯ ಸುತ್ತ ನಿಂತಿದ್ದ ನಮ್ಮನ್ನು
ಒಬ್ಬೊಬ್ಬರನ್ನಾಗಿ ಎಣಿಸಿದಳು.