ಆರು ಮಂಗಳವಾರ

ಹೆಸರಿನ ಪಟ್ಟಿಯಲ್ಲಿ ನಾನು ‘ನೀಲ್’.
ಗಂಡಸೊಬ್ಬ ಬರುತ್ತಾನೆಂದು
ದೊಡ್ಡ ಏಪ್ರನ್ ತೆಗೆದಿಟ್ಟಿದ್ದಳು ಬ್ರೆಂಡಾ.
ನೀಲಾಂಬಿಕೆ ಎಂದೆ. ನೀಲಾಮ್ ಎಂದಳು, ನಕ್ಕಳು,
ಅದರ ದಾರವನ್ನು ನನ್ನ ಸೊಂಟಕ್ಕೆ
ಎರಡು ಸುತ್ತು ಸುತ್ತಿ ಕಟ್ಟಿದಳು.

ಹಲ್ ಪಟ್ಟಣ, ಹೆಸಲ್ ರಸ್ತೆ, ಚರ್ಚಿನ ಹಿಂದಿನ ಹಾಲು.
ಬೆಳಿಗ್ಗೆ ಹತ್ತು. ರಾತ್ರಿ ಪಾಳಿಯ ಕಣ್ಣು ಇನ್ನೂ ಉರಿ.
ಹೊರಗೆ ಹಂಬರ್ ಕಡೆಯಿಂದ ಬೀಸುವ ಉಪ್ಪುಗಾಳಿ,
ಒಳಗೆ ನಾಲ್ಕು ಕರೆಂಟಿನ ಒಲೆ, ಐದು ಜನ.

“ನಿಮಗ್ಯಾಕೆ ಈ ಕ್ಲಾಸು?
ನಿಮ್ಮವರಿಗೆ ಹುಟ್ಟುತ್ತಲೇ ಬರುತ್ತದಲ್ಲ”
ಎಂದ ಡೆರೆಕ್.
ಮೀನಿನ ಕೋಲ್ಡ್ ಸ್ಟೋರಿನಲ್ಲಿ ಮೂವತ್ತು ವರ್ಷ ದುಡಿದು,
ಹೆಂಡತಿಗೆ ಲಕ್ವ ಹೊಡೆದ ಮೇಲೆ
ಆಲೂಗಡ್ಡೆಗೂ ಸಿಪ್ಪೆಯಿದೆಯೆಂದು ಅರಿತವನು.

ಬಂದಿಲ್ಲ, ಡೆರೆಕ್. ನನಗೆ ಚಹಾ ಬರುತ್ತದೆ.
ಊರವರ ರಕ್ತವನ್ನೆಲ್ಲ ಯಂತ್ರಕ್ಕಿಟ್ಟು
ಅಂಕಿ ಓದುವವಳು ನಾನು;
ಒಂದು ನಸುಕು ಆ ಸಾಲಿನಲ್ಲಿ
ನನ್ನದೇ ಸಕ್ಕರೆ ಗೆರೆ ದಾಟಿ ನಿಂತಿತ್ತು.
ಇಪ್ಪತ್ತೆರಡು ವರ್ಷದ ಡಬ್ಬಿ ಊಟ, ಮೈಕ್ರೋವೇವಿನ ಟಿಣ್,
ಪಾಳಿಯ ನಡುವಿನ ಬಿಸ್ಕತ್ತು,
ಎಲ್ಲ ಒಟ್ಟಿಗೆ ಬಾಗಿಲಿಗೆ ಬಂದು
ಬಾಕಿ ಕೇಳಿದ ಹಾಗೆ.

ಅವ್ವ ಗದಗಿನಲ್ಲಿ ಖಾನಾವಳಿ ಇಟ್ಟವಳು
ಎಂದು ಇಲ್ಲಿ ಯಾರಿಗೂ ಹೇಳಿಲ್ಲ.
ದಿನಕ್ಕೆ ಮುನ್ನೂರು ರೊಟ್ಟಿ ಅವಳ ಅಂಗೈಯಲ್ಲಿ ಅಗಲವಾಗಿ
ಹಂಚಿಗೆ ಹೋಗುತ್ತಿದ್ದವು.
ಹಿಟ್ಟಿಗೆ ನಾನು ಕೈ ಚಾಚಿದರೆ
ಮೊಣಕೈಯಿಂದಲೇ ದೂಡುವಳು:
“ಮುಟ್ಟಬ್ಯಾಡ.
ಒಮ್ಮಿ ಕೈ ಕಲೀತಂದ್ರ ಬಿಡ್ಸಾಕ ಬರೂದಿಲ್ಲ.
ಹೋಗು, ಓದ್ಕೊ.”
ಓದಿದೆ, ಹೊಸ್ತಿಲಿಂದಾಚೆ ಕೂತು,
ರೊಟ್ಟಿ ಬಡಿತಕ್ಕೆ ತಲೆಯಾಡಿಸುತ್ತ ಮಗ್ಗಿ,
ಆಮೇಲೆ ಮೂಲಧಾತುಗಳ ಪಟ್ಟಿ.
ಹಸಿದಾಗ ತಾಟು ತಾನೇ ಬರುತ್ತಿತ್ತು.

ಬ್ರೆಂಡಾ ಈರುಳ್ಳಿ ಹಿಡಿಯಲು ಕಲಿಸುತ್ತಾಳೆ:
ಬೆಕ್ಕಿನ ಪಂಜದಂತೆ ಬೆರಳು ಮಡಚು,
ಉಗುರು ಒಳಗೆ, ಗೆಣ್ಣು ಹೊರಗೆ,
ಚಾಕು ಗೆಣ್ಣಿಗೆ ಒರಗಿ ಇಳಿಯಲಿ.
ನನ್ನ ಹೋಳು ಒಂದೊಂದೂ ಒಂದೊಂದು ಊರಿಗೆ ಹೊರಟಂತೆ.
ಕಾಲಮ್‌ನವು ಸಮ. ಹತ್ತೊಂಬತ್ತು ಅವನಿಗೆ,
ಏಳು ಸಾಕುಮನೆ ದಾಟಿ ಈಗ ಸ್ವಂತ ಕೋಣೆ,
ಒಂದು ಬಾಣಲೆಯಿದೆ, ಮುಚ್ಚಳವಿಲ್ಲ.
“ಮೇಲೊಂದು ತಾಟು ಬೋರಲು ಹಾಕು, ಸಾಕು”
ಎಂದುಬಿಟ್ಟೆ.
ಎಲ್ಲಿತ್ತೋ ಆ ಮಾತು.

ಮೊದಲ ವಾರ ಮೊಟ್ಟೆ, ಆಮೇಲೆ ಓಟ್ಸು,
ಮೂರನೆಯ ವಾರ ಕೆಂಪು ಬೇಳೆ, ಗಜ್ಜರಿ, ಸೂಪು.
‘ಮೆತ್ತಗಾಗುವವರೆಗೆ ಬೇಯಿಸಿ’ ಎನ್ನುತ್ತದೆ ಚೀಟಿ.
ಎಲ್ಲಿಯವರೆಗೆ?
ಹದಿನೆಂಟು ನಿಮಿಷವೋ ಇಪ್ಪತ್ತೋ, ಸರಿಯಾಗಿ ಹೇಳಿ.
ಬ್ರೆಂಡಾ ಒಂದೇ ಒಂದು ಬೇಳೆ ತೆಗೆದು, ಊದಿ,
ನನ್ನ ಬೆರಳ ನಡುವೆ ಇಟ್ಟಳು. ಹಿಸುಕು.
ಹಿಸುಕಿದೆ. ಒಳಗೆ ಸಾಸಿವೆಯಷ್ಟು ಗಟ್ಟಿ.
ಇನ್ನೂ ಇಲ್ಲ.
ಮತ್ತೊಂದು. ಇನ್ನೂ ಇಲ್ಲ.

ಅಷ್ಟರಲ್ಲಿ ಡೆರೆಕ್ ಕರೆದ, ಜರಡಿ ಹಿಡಿಯಲು.
ಅವಳು ನುಂಗಬೇಕಲ್ಲ, ತೆಳ್ಳಗಾಗಬೇಕು,
ಒಂದು ಎಳೆಯೂ ಸಿಗಬಾರದು.
ಅವನ ದಪ್ಪ ಕೈ ಚಮಚದ ಬೆನ್ನಿನಿಂದ
ಬೇಳೆಯನ್ನು ಮೆಲ್ಲಗೆ ತಿಕ್ಕಿತು, ಎಷ್ಟು ಮೆಲ್ಲಗೆಂದರೆ
ನಾನು ನೋಡುತ್ತಲೇ ನಿಂತೆ.
ನನ್ನ ಪಾತ್ರೆಯ ವಾಸನೆ ಮೊದಲು ಬಂದದ್ದು ಕಾಲಮ್‌ನ ಮೂಗಿಗೆ.

ಹಾಲಿನ ಮೆಟ್ಟಿಲ ಮೇಲೆ ಕೂತು ಫೋನು ಹಚ್ಚಿದೆ.
ಅಲ್ಲಿ ಸಂಜೆ ಐದು, ರಾತ್ರಿ ಊಟದ ತಯಾರಿ,
ಹಿಂದೆ ಬಡಿಯುವ ಸದ್ದು.
ಈಗ ಕೂಲಿಗೆ ಬರುವ ಇಬ್ಬರ ಕೈ ಅದು,
ತಾಳ ಬೇರೆ.
“ಡಾಕ್ಟರ್ ಬರ್ಕೊಟ್ಟಾರ, ರೊಕ್ಕಿಲ್ಲದ ಕ್ಲಾಸು” ಎಂದೆ.
“ಬ್ಯಾಳಿ ಕುದ್ಸೂದಕ್ಕ ಕ್ಲಾಸಾ?”
ಆಮೇಲೆ ಏನೂ ಅನ್ನಲಿಲ್ಲ.
ಸಿಟ್ಟೋ ಏನೋ ತಿಳಿಯಲಿಲ್ಲ.
ಯಾರಿಗೋ ಹಿಟ್ಟು ನಾದಲು ಹೇಳಿದಳು,
ಯಾವುದೋ ಲೆಕ್ಕ ಬೈದಳು, ತಿರುಗಿ ಬಂದಳು.

“ತಳಾ ಹಿಡದೈತೇನು?”
ಹೂಂ.
“ಕೆದರಬ್ಯಾಡ.
ಮ್ಯಾಲಿಂದಷ್ಟ ಬ್ಯಾರೆ ಪಾತ್ರಿಗೆ ಬಗ್ಗಿಸ್ಕೊ.
ಹೊಗಿ ಕೆಳಗ ಉಳೀತೈತಿ.”

ಒಳಗೆ ಹೋಗಿ ಬಗ್ಗಿಸಿಕೊಂಡೆ. ಅರ್ಧ ಉಳಿಯಿತು.
ಇನ್ನೂ ಮೂರು ಮಂಗಳವಾರ ಇವೆ.